ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಅರ್ಥವಾಗುತ್ತದೆಯೇ? 70 ವರ್ಷದ ಹಿಂದೆಯೇ ಈ ಭ್ರಮೆ ಒಡೆದ ಗ್ರೇಸ್ ಹಾಪರ್ ಕಥೆ

ಹಳೆಯ ನೋಟ್‌ಬುಕ್ಕಿನ ಒಂದು ಪುಟ. ಅದರ ಮೇಲೆ ಟೇಪ್ ಹಾಕಿ ಅಂಟಿಸಿದ ಒಂದು ಸತ್ತ ಪತಂಗ. ಈ ಫೋಟೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗಿರುವ ಬರಹದ ಸಾರ ಇಷ್ಟು: ಅಮೆರಿಕದ ನೌಕಾಪಡೆಯಲ್ಲಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆ ಕಂಪ್ಯೂಟರಿನೊಳಗೆ ಈ ಹುಳ ಹಿಡಿದರು, ಅಂದಿನಿಂದ ಸಾಫ್ಟ್‌ವೇರ್ ದೋಷಕ್ಕೆ ಬಗ್ ಎಂಬ ಹೆಸರು ಬಂತು, ಕೊಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಅವರೊಬ್ಬರೇ ಸೃಷ್ಟಿಸಿದರು.

ಇನ್ನೊಂದು ನಂಬಿಕೆ ಇದೆ. ಅದು ಫಾರ್ವರ್ಡ್ ಆಗಿ ಬರುವುದಿಲ್ಲ, ಮನೆಮಾತಿನಲ್ಲೇ ಓಡಾಡುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ರಾಜಾಜಿನಗರ, ವಿಜಯನಗರ, ಕೆಂಗೇರಿಯ ಮನೆಗಳಲ್ಲಿ ಕಿವಿಗೊಡಿ. ಮಗು ಓದಿದ್ದು ಕನ್ನಡ ಮಾಧ್ಯಮ, ಕಂಪ್ಯೂಟರಿಗೆ ಅರ್ಥವಾಗುವುದು ಇಂಗ್ಲಿಷ್, ಹಾಗಾಗಿ ಕೋಡಿಂಗ್ ನಮಗೆ ಆಗಿಬರುವುದಿಲ್ಲ ಎಂದು ಯಾರಾದರೂ ತೀರ್ಮಾನ ಕೊಟ್ಟುಬಿಟ್ಟಿರುತ್ತಾರೆ.

ಮೊದಲ ಕಥೆ ಅರ್ಧ ಸತ್ಯ. ಎರಡನೆಯದು ಪೂರ್ತಿ ಸುಳ್ಳು. ವಿಶೇಷ ಏನೆಂದರೆ, ಆ ಎರಡನೇ ಸುಳ್ಳಿಗೆ ಉತ್ತರ ಇರುವುದು ಮೊದಲ ಕಥೆಯ ನಾಯಕಿಯ ಬದುಕಿನಲ್ಲೇ.

ಏಳು ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬರಲಿಲ್ಲ. ಅದನ್ನು ನೋಡಿ ಜೋಡಿಸೋಣ ಎಂದು ಇನ್ನೊಂದು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರ ಬಿಡಿಭಾಗಗಳಾದವು. ತಾಯಿ ಹೊಡೆಯಲಿಲ್ಲ, ಬೈದು ಕೂರಿಸಲೂ ಇಲ್ಲ. ಇನ್ನು ಮುಂದೆ ಒಂದೇ ಗಡಿಯಾರದ ಮೇಲೆ ಪ್ರಯೋಗ ಮಾಡಬೇಕು ಎಂಬ ಕಟ್ಟಳೆ ಮಾತ್ರ ಹಾಕಿದರು.

ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ 1928ರಲ್ಲಿ ಪದವಿ ಪಡೆದರು. 1930ರಲ್ಲಿ ವಿನ್ಸೆಂಟ್ ಹಾಪರ್ ಅವರೊಂದಿಗೆ ಮದುವೆಯಾಗಿ ಗ್ರೇಸ್ ಹಾಪರ್ ಆದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಬಂತು. ಅಷ್ಟರಲ್ಲಾಗಲೇ ವಾಸರ್‌ನಲ್ಲೇ ಗಣಿತ ಮೇಡಂ ಆಗಿದ್ದರು. ಎಲ್ಲವೂ ಹಾಗೆಯೇ ನಡೆದಿದ್ದರೆ ಒಬ್ಬ ಒಳ್ಳೆಯ ಪ್ರೊಫೆಸರ್ ಆಗಿ ನಿವೃತ್ತರಾಗುತ್ತಿದ್ದರು.

1941ರ ಡಿಸೆಂಬರ್‌ನಲ್ಲಿ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಹಾಪರ್ ನೌಕಾಪಡೆ ಸೇರಲು ಹೋದರು. ವಯಸ್ಸು ಜಾಸ್ತಿಯಾಯಿತು ಎಂದರು. ತೂಕ ನಿಗದಿಗಿಂತ ಸುಮಾರು 7 ಕಿಲೋ ಕಡಿಮೆ ಎಂದರು. ಗಣಿತದ ಪ್ರೊಫೆಸರ್ ಆಗಿಯೇ ದೇಶಕ್ಕೆ ಹೆಚ್ಚು ಉಪಯೋಗ ಎಂದೂ ಹೇಳಿದರು. ಹಾಪರ್ ಬಿಡಲಿಲ್ಲ. ವಿಶೇಷ ಅನುಮತಿ ಪಡೆದು 1943ರ ಕೊನೆಯಲ್ಲಿ ನೌಕಾಪಡೆಯ ಮಹಿಳಾ ಮೀಸಲು ಪಡೆ ಸೇರಿ, ತರಬೇತಿಯಲ್ಲಿ ಮೊದಲ ಸ್ಥಾನ ಪಡೆದರು.

30×40 ಸೈಟಿಗೂ ಹಿಡಿಸದ ಯಂತ್ರ

1944ರ ಜುಲೈನಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಹೊವಾರ್ಡ್ ಐಕೆನ್ ಅವರ ಮಾರ್ಕ್ 1 ಯಂತ್ರ ಕಾದಿತ್ತು. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್, ಬಿಡಿಭಾಗಗಳು ಏಳು ಲಕ್ಷಕ್ಕೂ ಹೆಚ್ಚು. ಅಂದಾಜಿಗೆ ಹೇಳುವುದಾದರೆ, ಬಸವೇಶ್ವರನಗರದ ಒಂದು 30×40 ಸೈಟಿನಲ್ಲಿ ಇದನ್ನು ಉದ್ದಕ್ಕೆ ಇಟ್ಟರೆ 11 ಅಡಿ ರಸ್ತೆಗೆ ಚಾಚುತ್ತದೆ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಇಟ್ಟರೂ ಒಂದು ಅಡಿ ಹೊರಗೇ ಉಳಿಯುತ್ತದೆ.

ಇಷ್ಟು ದೊಡ್ಡ ಯಂತ್ರ ಒಂದು ಸೆಕೆಂಡಿಗೆ ಮಾಡುತ್ತಿದ್ದುದು ಮೂರೇ ಮೂರು ಕೂಡುವ ಲೆಕ್ಕ. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡ್ ಬೇಕಿತ್ತು. ಆದರೂ ಫಿರಂಗಿ ಗುರಿಯಂಥ ಉದ್ದುದ್ದ ಯುದ್ಧದ ಲೆಕ್ಕಗಳಿಗೆ ಮನುಷ್ಯರಿಗಿಂತ ಇದೇ ವಾಸಿ. ಅದಕ್ಕೆ ಆದೇಶ ಕೊಡಬೇಕಾದರೆ ಕಾಗದದ ಪಟ್ಟಿಯಲ್ಲಿ ಸಾಲುಸಾಲಾಗಿ ತೂತು ಕೊರೆಯಬೇಕಿತ್ತು. ಹಾಪರ್ ಇದನ್ನು ಕಲಿತರು, ಮಾರ್ಕ್ 1ಕ್ಕೆ 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನೂ ಬರೆದರು. 1946ರಲ್ಲಿ ಅದು ಪ್ರಕಟವಾಯಿತು.

ಇಲ್ಲೇ ಅವರು ಒಂದು ವಿಷಯ ಗಮನಿಸಿದರು. ಕೆಲವು ಲೆಕ್ಕಗಳು ಮತ್ತೆ ಮತ್ತೆ ಬೇಕಾಗುತ್ತವೆ. ಪ್ರತಿ ಸಲವೂ ಹೊಸದಾಗಿ ಬರೆಯುವ ಬದಲು, ಸರಿ ಬಂದ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ನಕಲು ಮಾಡುತ್ತಿದ್ದರು. ಆದರೆ ನಕಲು ಮಾಡುವಾಗ ಮನುಷ್ಯರು ತಪ್ಪು ಮಾಡುತ್ತಾರೆ. ಒಂದು ಅಂಕಿ ಆಚೀಚೆಯಾದರೆ ಇಡೀ ಲೆಕ್ಕ ಹಾಳು. ಈ ಕಿರಿಕಿರಿಯೇ ಮುಂದೆ ದೊಡ್ಡ ಆವಿಷ್ಕಾರಕ್ಕೆ ಬೀಜವಾಯಿತು.

ಪತಂಗದ ಕಥೆ: ಎಷ್ಟು ನಿಜ?

ಮಾರ್ಕ್ 1ರ ನಂತರ ಮಾರ್ಕ್ 2 ಬಂತು. 1947ರ ಸೆಪ್ಟೆಂಬರ್ 9ರಂದು ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಹುಡುಕಿದಾಗ ಒಂದು ರಿಲೇ, ಅಂದರೆ ಟಕ್ ಟಕ್ ಎಂದು ಬಡಿಯುವ ವಿದ್ಯುತ್ ಸ್ವಿಚ್ಚಿನ ನಡುವೆ, ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಲಾಗ್ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯೂಸಿಯಂನಲ್ಲಿದೆ. ಫೋಟೋ ಅಸಲಿ.

ಆದರೆ ಪತಂಗ ಹಿಡಿದದ್ದು ಹಾಪರ್ ಅಲ್ಲ, ಯಂತ್ರ ನಡೆಸುತ್ತಿದ್ದ ಸಹೋದ್ಯೋಗಿಗಳು. ಹಾಪರ್ ಈ ಪ್ರಸಂಗವನ್ನು ಉಪನ್ಯಾಸಗಳಲ್ಲಿ ರಸವತ್ತಾಗಿ ಹೇಳುತ್ತಿದ್ದರು, ಹಾಗಾಗಿ ಕಥೆ ಅವರ ಹೆಸರಿಗೇ ಅಂಟಿಕೊಂಡಿತು. ಬಗ್ ಎಂಬ ಪದವೂ ಅಂದು ಹುಟ್ಟಿದ್ದಲ್ಲ. ಯಂತ್ರದ ದೋಷವನ್ನು ಬಗ್ ಎಂದು ಕರೆಯುವ ರೂಢಿ ಥಾಮಸ್ ಎಡಿಸನ್ 1878ರಲ್ಲಿ ಬರೆದ ಪತ್ರದಲ್ಲೇ ಕಾಣುತ್ತದೆ. ಲಾಗ್ ಪುಸ್ತಕದ ಟಿಪ್ಪಣಿಯನ್ನೇ ನೋಡಿ: ನಿಜವಾದ ಬಗ್ ಸಿಕ್ಕ ಮೊದಲ ಪ್ರಕರಣ ಇದು ಎಂಬರ್ಥದ ತಮಾಷೆ ಅದರಲ್ಲಿದೆ. ಆ ಪದ ಮೊದಲೇ ಬಳಕೆಯಲ್ಲಿ ಇಲ್ಲದಿದ್ದರೆ ಈ ತಮಾಷೆಗೆ ಅರ್ಥವೇ ಇರುತ್ತಿರಲಿಲ್ಲ.

ಪಾಸ್‌ಬುಕ್ ಲೆಕ್ಕ ತಪ್ಪಿದಾಗ

ಯುದ್ಧದ ನಂತರದ ವರ್ಷಗಳು ಸುಲಭವಾಗಿರಲಿಲ್ಲ. 1945ರಲ್ಲಿ ವಿಚ್ಛೇದನವಾಯಿತು. ಕೆಲಸದ ಒತ್ತಡದ ನಡುವೆ ಕುಡಿತದ ಸಮಸ್ಯೆಯೂ ಅಂಟಿಕೊಂಡಿತು. ಆ ಕಾಲದಲ್ಲಿ ಸ್ನೇಹಿತರು ಕೈ ಬಿಡಲಿಲ್ಲ. 1949ರಲ್ಲಿ ಹಾರ್ವರ್ಡ್ ಬಿಟ್ಟು ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಮುಂದೆ ಯುನಿವ್ಯಾಕ್ ಎಂಬ ಹೆಸರಾಂತ ಕಂಪ್ಯೂಟರ್ ತಯಾರಿಸಿದ್ದು ಇದೇ ಕಂಪನಿ.

ಅಲ್ಲಿನ ಒಂದು ಯಂತ್ರ ಎಣಿಸುತ್ತಿದ್ದುದು ಎಂಟರ ಲೆಕ್ಕದಲ್ಲಿ. ಅದರಲ್ಲಿ 8, 9 ಎಂಬ ಅಂಕಿಗಳೇ ಇಲ್ಲ, 7 ಆದ ಮೇಲೆ ನೇರವಾಗಿ 10. ಹಾಪರ್ ಇದಕ್ಕೆ ಎಷ್ಟು ಒಗ್ಗಿಹೋದರೆಂದರೆ, ಅವರ ಬ್ಯಾಂಕ್ ಖಾತೆಯ ಲೆಕ್ಕ ತಿಂಗಳುಗಟ್ಟಲೆ ತಾಳೆಯಾಗಲಿಲ್ಲ. ಕೊನೆಗೆ ಬ್ಯಾಂಕಿನಲ್ಲಿದ್ದ ತಮ್ಮ ಕೂತು ನೋಡಿದಾಗ ಗೊತ್ತಾಯಿತು, ಅಕ್ಕ ಮನೆಯಲ್ಲೂ ಕೆಲವೊಮ್ಮೆ ಎಂಟರ ಲೆಕ್ಕದಲ್ಲೇ ಕಳೆಯುತ್ತಿದ್ದಾರೆ!

ನಗು ಬರುವ ಪ್ರಸಂಗ. ಆದರೆ ಹಾಪರ್ ಇದರಿಂದ ಗಂಭೀರ ಪಾಠ ಕಲಿತರು. ಮನುಷ್ಯ ಯಂತ್ರದ ಭಾಷೆಗೆ ಬಗ್ಗುತ್ತಾ ಹೋದರೆ ಮನುಷ್ಯನ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಯಂತ್ರವೇ ಮನುಷ್ಯನ ಹತ್ತಿರ ಬರಬೇಕು.

ಕಂಪೈಲರ್ ಅಂದರೇನು? ದರ್ಶಿನಿಗೆ ಬನ್ನಿ

ಕಂಪ್ಯೂಟರಿಗೆ ನಿಜಕ್ಕೂ ಗೊತ್ತಿರುವುದು ಎರಡೇ ಸ್ಥಿತಿ: ವಿದ್ಯುತ್ ಇದೆ, ವಿದ್ಯುತ್ ಇಲ್ಲ. ಅದನ್ನೇ 1 ಮತ್ತು 0 ಎಂದು ಬರೆಯುತ್ತೇವೆ. ಅದಕ್ಕೆ ಇಂಗ್ಲಿಷ್ ಗೊತ್ತಿಲ್ಲ. ಕನ್ನಡವೂ ಗೊತ್ತಿಲ್ಲ. ನಾವು ಬರೆದದ್ದನ್ನು ಈ ಸೊನ್ನೆ-ಒಂದರ ಆದೇಶಗಳಿಗೆ ಅನುವಾದ ಮಾಡುವ ಸಾಧನವೇ ಕಂಪೈಲರ್.

ರಾಜಾಜಿನಗರದ ಯಾವುದೋ ದರ್ಶಿನಿಯಲ್ಲಿ ನೀವು ಒಂದು ಬೈ ಟು ಕಾಫಿ ಕೇಳುತ್ತೀರಿ. ಎರಡೇ ಮಾತು. ಡಿಕಾಕ್ಷನ್ ಎಷ್ಟು, ಹಾಲು ಎಷ್ಟು ಬಿಸಿ, ಸಕ್ಕರೆ ಎಷ್ಟು, ಎಷ್ಟು ಲೋಟಕ್ಕೆ ಹಂಚಬೇಕು ಎಂದು ವಿವರಿಸುವುದಿಲ್ಲ. ನಿಮ್ಮ ಆ ಎರಡು ಮಾತನ್ನು ಹತ್ತು ಹೆಜ್ಜೆಗಳ ಕೆಲಸವಾಗಿ ಬಿಡಿಸುವವರು ಒಳಗಿದ್ದಾರೆ. ನೀವು ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಕೇಳಿ, ಕೈಸನ್ನೆಯಲ್ಲೇ ಕೇಳಿ, ಒಳಗೆ ನಡೆಯುವ ಹೆಜ್ಜೆಗಳು ಅವೇ. ಹಾಲು ಕಾಯಿಸುವ ಒಲೆಗೆ ಯಾವ ಭಾಷೆ ಆದರೇನು?

ಹಾಪರ್ 1951-52ರಲ್ಲಿ ಮಾಡಿದ್ದು ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲಿ ಒಂದು. ಹೆಸರು ಎ-ಸೊನ್ನೆ. ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ ಸಿದ್ಧ ತುಣುಕುಗಳಿಗೆ ಒಂದೊಂದು ನಂಬರ್ ಕೊಟ್ಟು ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿಸಿದರು. ಇನ್ನು ಪ್ರೋಗ್ರಾಮ್ ಬರೆಯುವವರು ಯಾವ ನಂಬರಿನ ತುಣುಕು ಯಾವ ಕ್ರಮದಲ್ಲಿ ಬೇಕು ಎಂದು ಹೇಳಿದರೆ ಸಾಕು. ಹುಡುಕಿ ತಂದು, ಜೋಡಿಸಿ, ಪೂರ್ತಿ ಪ್ರೋಗ್ರಾಮ್ ಮಾಡುವುದು ಯಂತ್ರದ ಕೆಲಸ. ಇವತ್ತಿನ ಅರ್ಥದಲ್ಲಿ ಇದು ಪೂರ್ಣ ಕಂಪೈಲರ್ ಅಲ್ಲ, ತುಣುಕುಗಳನ್ನು ಜೋಡಿಸುವ ಸಾಧನ. ಆದರೆ ಕಂಪೈಲರ್ ಎಂಬ ಹೆಸರು ಈ ಕೆಲಸಕ್ಕೆ ಅಂಟಿಕೊಂಡಿದ್ದು ಇಲ್ಲಿಂದಲೇ.

ಯಾರೂ ನಂಬಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡಬಹುದು, ಪ್ರೋಗ್ರಾಮ್ ಹೇಗೆ ಬರೆದೀತು ಎಂಬುದು ಎಲ್ಲರ ಪ್ರಶ್ನೆ. ಕೆಲಸ ಮಾಡುವ ಸಾಧನ ಕೈಯಲ್ಲಿದ್ದರೂ ಅದನ್ನು ಮುಟ್ಟಲು ಜನ ಹಿಂಜರಿದರು.

ಫ್ರೆಂಚ್, ಜರ್ಮನ್ ಕಂಡು ಬೆಚ್ಚಿದ ಮೇಲಧಿಕಾರಿಗಳು

ಹಾಪರ್ ಮುಂದಿನ ಹೆಜ್ಜೆ ಇಟ್ಟರು. ಗಣಿತಜ್ಞರಿಗೆ ಚಿಹ್ನೆಗಳು ಇಷ್ಟ. ಆದರೆ ಸಂಬಳದ ಪಟ್ಟಿ, ಗೋದಾಮಿನ ದಾಸ್ತಾನು ನೋಡಿಕೊಳ್ಳುವವರು ಗಣಿತಜ್ಞರಲ್ಲ. ಅವರಿಗೆ ಬೇಕಾದದ್ದು ತಮ್ಮ ಮಾತು. ಹಾಗಾದರೆ ಹೋಲಿಸು, ವರ್ಗಾಯಿಸು, ನಿಲ್ಲಿಸು ಎಂಬಂಥ ಮಾಮೂಲಿ ಪದಗಳಲ್ಲೇ ಪ್ರೋಗ್ರಾಮ್ ಬರೆಯುವಂತಾದರೆ? ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಮೇಲಧಿಕಾರಿಗಳು ತಳ್ಳಿಹಾಕಿದರು.

ಹೌದು, ಸರಿಯಾಗಿ ಓದಿದಿರಿ. ಇಂದು ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಗೊತ್ತು ಎನ್ನುತ್ತೇವೆ. ಅಂದು ಇಂಗ್ಲಿಷ್ ಕೂಡ ಗೊತ್ತಿಲ್ಲ ಎನ್ನುತ್ತಿದ್ದರು!

ಹಾಪರ್ ಮತ್ತು ತಂಡ ಸುಮ್ಮನಾಗಲಿಲ್ಲ. ಚಿಕ್ಕ ಮಾದರಿ ಮಾಡಿ, ಇಂಗ್ಲಿಷ್ ಪದಗಳ ಪ್ರೋಗ್ರಾಮ್ ಓಡಿಸಲು ಆಗುತ್ತದೆ ಎಂದು ತೋರಿಸಿದರು. 1955ರಲ್ಲಿ ಇದರ ಪ್ರಸ್ತಾವ ಸಿದ್ಧಪಡಿಸಿದಾಗ ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲಿಯೂ ಜರ್ಮನ್ ಪದಗಳಲ್ಲಿಯೂ ಬರೆದು ತೋರಿಸಿದರು. ಅವರ ದೃಷ್ಟಿಯಲ್ಲಿ ಇದು ಬಹಳ ಸರಳ. ಯಂತ್ರಕ್ಕೆ ಪದದ ಅರ್ಥ ಬೇಕಿಲ್ಲ, ಯಾವ ಅಕ್ಷರಗಳ ಗುಂಪು ಬಂದರೆ ಯಾವ ಕೆಲಸ ಮಾಡಬೇಕು ಎಂಬ ಪಟ್ಟಿ ಇದ್ದರೆ ಸಾಕು. ಪಟ್ಟಿಯಲ್ಲಿ ಪದ ಬದಲಾದರೆ ಭಾಷೆ ಬದಲಾಯಿತು, ಕೆಲಸ ಅದೇ.

ಮುಂದೆ ಹಾಪರ್ ತಮ್ಮ ಉಪನ್ಯಾಸಗಳಲ್ಲಿ ಹೇಳಿಕೊಂಡಂತೆ, ಮೇಲಧಿಕಾರಿಗಳು ಖುಷಿಪಡುವ ಬದಲು ಗಾಬರಿಯಾದರು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಬರುವುದು ಅವರಿಗೆ ಅಸಂಬದ್ಧವಾಗಿ ಕಂಡಿತು. ಕೊನೆಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಕೈ ಹಾಕುವುದಿಲ್ಲ ಎಂದು ಭರವಸೆ ಕೊಟ್ಟೇ ಕೆಲಸ ಮುಂದುವರಿಸಬೇಕಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಈ ಕಥೆಯಲ್ಲಿ ಬೇರೆ ಭಾಷೆಗಳಿಗೆ ಬಾಗಿಲು ಹಾಕಿದ್ದು ಯಂತ್ರವಲ್ಲ, ಒಂದು ಕಚೇರಿಯ ನಿರ್ಧಾರ.

ಕೊಬಾಲ್ ಒಬ್ಬರ ಕೂಸಲ್ಲ

ಆ ಕೆಲಸದಿಂದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಬಂತು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಕಚೇರಿ ಪೆಂಟಗನ್‌ನಲ್ಲಿ ಒಂದು ಸಭೆ ಸೇರಿತು. ಒಂದು ಕಂಪನಿಯ ಕಂಪ್ಯೂಟರಿಗೆ ಬರೆದ ಪ್ರೋಗ್ರಾಮ್ ಇನ್ನೊಂದು ಕಂಪನಿಯದರಲ್ಲಿ ಓಡುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಭಾಷೆ ಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಹಾಗೆ ಹುಟ್ಟಿದ್ದೇ ಕೊಬಾಲ್.

ಇದನ್ನು ರೂಪಿಸಿದ್ದು ಒಂದು ಸಮಿತಿ. ಇಂಥ ಭಾಷೆ ಬೇಕೆಂದು ಮೊದಲು ಒತ್ತಾಯಿಸಿದವರು ಮೇರಿ ಹಾಸ್. ವಿನ್ಯಾಸದಲ್ಲಿ ಜೀನ್ ಸ್ಯಾಮೆಟ್ ಮುಂತಾದವರು ದುಡಿದರು. ಹಾಪರ್ ತಾಂತ್ರಿಕ ಸಲಹೆಗಾರರಲ್ಲಿ ಒಬ್ಬರು, ಮತ್ತು ಅವರ ಫ್ಲೋ-ಮ್ಯಾಟಿಕ್ ಇದಕ್ಕೆ ಮುಖ್ಯ ತಳಪಾಯ. ಅಜ್ಜಿ ಎನ್ನಿ, ತಪ್ಪಿಲ್ಲ. ಒಬ್ಬರೇ ಸೃಷ್ಟಿಸಿದರು ಎನ್ನಬೇಡಿ. 1960ರ ಡಿಸೆಂಬರ್‌ನಲ್ಲಿ ಒಂದೇ ಕೊಬಾಲ್ ಪ್ರೋಗ್ರಾಮ್ ಎರಡು ಬೇರೆ ಕಂಪನಿಗಳ ಕಂಪ್ಯೂಟರುಗಳಲ್ಲಿ ಓಡಿತು.

1966ರ ಕೊನೆಗೆ ನೌಕಾಪಡೆ ಅವರನ್ನು ನಿವೃತ್ತಿಗೊಳಿಸಿತು. 1967ರಲ್ಲಿ ಆರು ತಿಂಗಳ ಕೆಲಸಕ್ಕೆಂದು ಮತ್ತೆ ಕರೆಯಿತು. ಆ ಆರು ತಿಂಗಳು ಹೆಚ್ಚುಕಡಿಮೆ 19 ವರ್ಷವಾಯಿತು! 1969ರಲ್ಲಿ ಅಲ್ಲಿನ ಒಂದು ವೃತ್ತಿಪರ ಸಂಘ ಅವರಿಗೆ ವರ್ಷದ ಕಂಪ್ಯೂಟರ್ ವಿಜ್ಞಾನ ಪುರುಷ ಎಂಬ ಪ್ರಶಸ್ತಿ ಕೊಟ್ಟಿತು. 

30 ಸೆಂಟಿಮೀಟರಿನ ಪಾಠ

ವಯಸ್ಸಾದ ಮೇಲೆ ಊರೂರು ಸುತ್ತಿ ಪಾಠ ಹೇಳಿದರು. ಕೈಯಲ್ಲೊಂದು ತಂತಿಯ ಕಟ್ಟು. ಒಂದೊಂದು ತುಂಡೂ ಸುಮಾರು 30 ಸೆಂಟಿಮೀಟರ್, ಅಂದರೆ ಮಕ್ಕಳ ಕಂಪಾಸ್ ಬಾಕ್ಸಿನ ಪಕ್ಕ ಇರುವ ದೊಡ್ಡ ಸ್ಕೇಲಿನಷ್ಟು. ನೂರು ಕೋಟಿಯಲ್ಲಿ ಒಂದು ಪಾಲು ಸೆಕೆಂಡಿನಲ್ಲಿ, ಅಂದರೆ ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಕ್ರಮಿಸುವ ದೂರ ಅದು. ಉಪಗ್ರಹದ ಮೂಲಕ ಸಂದೇಶ ಹೋಗಲು ಯಾಕೆ ತಡವಾಗುತ್ತದೆ ಎಂದು ಕೇಳುವ ದೊಡ್ಡ ಅಧಿಕಾರಿಗಳಿಗೂ ಇದೇ ತಂತಿ ಹಿಡಿದು ತೋರಿಸುತ್ತಿದ್ದರು. ಅವರ ಕಚೇರಿಯ ಗೋಡೆ ಗಡಿಯಾರ ಹಿಂದಕ್ಕೆ ತಿರುಗುತ್ತಿತ್ತು. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬುದು ಕಾರಣವಲ್ಲ ಎಂದು ನೆನಪಿಸಲು.

1986ರ ಆಗಸ್ಟ್‌ನಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹುದ್ದೆಯಲ್ಲಿದ್ದ ಹಾಪರ್ ನಿವೃತ್ತರಾದರು. ಸೇವೆಯಲ್ಲಿದ್ದ ಅಧಿಕಾರಿಗಳಲ್ಲಿ ಅವರೇ ಆಗ ಅತಿ ಹಿರಿಯರು. 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. 2016ರಲ್ಲಿ, ಮರಣಾನಂತರ, ಅಮೆರಿಕದ ಅತ್ಯುನ್ನತ ನಾಗರಿಕ ಗೌರವಗಳಲ್ಲೊಂದಾದ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಅವರಿಗೆ ಸಂದಿತು.

ಬೆಂಗಳೂರಿಗೂ ಬಂದ ಕೊಬಾಲ್

ಅವರು ತೀರಿಕೊಂಡು ಸರಿಯಾಗಿ ಎಂಟು ವರ್ಷಕ್ಕೆ, ಅಂದರೆ 2000ದ ಜನವರಿ 1ಕ್ಕೆ, ಜಗತ್ತೇ ಉಸಿರು ಬಿಗಿ ಹಿಡಿದಿತ್ತು. ಜಾಗ ಉಳಿಸಲೆಂದು ಹಳೆಯ ಪ್ರೋಗ್ರಾಮ್‌ಗಳಲ್ಲಿ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಬರೆದಿದ್ದರು. 1965ಕ್ಕೆ 65, 2000ಕ್ಕೆ 00. ಸೊನ್ನೆಯಲ್ಲಿ 65 ಕಳೆದರೆ ವಯಸ್ಸು ಮೈನಸ್ 65! ಇದೇ ವೈ2ಕೆ ಸಮಸ್ಯೆ. ಇದು ಕೊಬಾಲ್ ಭಾಷೆಯ ತಪ್ಪಲ್ಲ, ಬಳಸಿದವರ ಉಳಿತಾಯ ಬುದ್ಧಿಯ ಫಲ. ಲಕ್ಷಾಂತರ ಸಾಲುಗಳನ್ನು ಹುಡುಕಿ ಸರಿಪಡಿಸಲು ಪ್ರೋಗ್ರಾಮರುಗಳು ಬೇಕಾದರು. ಬೆಂಗಳೂರಿನ ಐಟಿ ಕಂಪನಿಗಳಿಗೆ ವಿದೇಶದ ಕೆಲಸ ಹರಿದುಬಂದ ದಾರಿಗಳಲ್ಲಿ ಇದೂ ಒಂದು. ಹಳೆಯದಾಯಿತು ಎಂದ ಭಾಷೆ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸಿತು.

ಇನ್ನೂ ಅದು ಸತ್ತಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ನಿರುದ್ಯೋಗ ಭತ್ಯೆಯ ವ್ಯವಸ್ಥೆ ಅರ್ಜಿಗಳ ಭಾರಕ್ಕೆ ತತ್ತರಿಸಿದಾಗ, ಕೊಬಾಲ್ ಬಲ್ಲವರು ಬಂದು ನೆರವಾಗಿ ಎಂದು ಅಲ್ಲಿನ ಗವರ್ನರ್ ಕೇಳಿಕೊಳ್ಳಬೇಕಾಯಿತು.

ಹಾಗಾದರೆ ಕನ್ನಡದಲ್ಲಿ?

ಫ್ರೆಂಚ್, ಜರ್ಮನ್‌ನಲ್ಲಿ ಆಗುವುದಾದರೆ ಕನ್ನಡದಲ್ಲಿ ಯಾಕಾಗದು? ಆಗಿದೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯನ್ನು ಡಾ. ಯು. ಬಿ. ಪವನಜ ಕನ್ನಡಕ್ಕೆ ತಂದರು. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ತಿರುಗು ಎಂದು ಕನ್ನಡದಲ್ಲೇ ಹೇಳಿ ಚಿತ್ರ ಬಿಡಿಸಬಹುದು. ಅದಕ್ಕೂ ಮೊದಲು ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆ ರೂಪಿಸಿದ್ದರು. ನುಡಿ ತಂತ್ರಾಂಶದಲ್ಲಿ ನಾವು ಒತ್ತುವುದು ಅದೇ ವಿನ್ಯಾಸದ ಕೀಲಿಗಳನ್ನು.

ನೀವೇ ಪರೀಕ್ಷಿಸಬೇಕೇ? ಮೊಬೈಲಿನಲ್ಲಿ ಯಾವುದಾದರೂ ಉಚಿತ ಪೈಥಾನ್ 3 ಆ್ಯಪ್ ಹಾಕಿಕೊಳ್ಳಿ. ಮೊದಲ ಸಾಲಿನಲ್ಲಿ ಬೆಲೆ = 40 ಎಂದು ಕನ್ನಡದಲ್ಲೇ ಬರೆಯಿರಿ. ಎರಡನೇ ಸಾಲಿನಲ್ಲಿ ಒಟ್ಟು = ಬೆಲೆ * 3 ಎಂದು ಬರೆಯಿರಿ. ಅಂಕಿಗಳು ಮಾತ್ರ ಇಲ್ಲಿರುವಂತೆಯೇ ಇರಲಿ. ಪೈಥಾನ್ ಇದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಒಟ್ಟು ಎಷ್ಟೆಂದು ಕೇಳಿದರೆ 120 ಎನ್ನುತ್ತದೆ. ಪೈಥಾನ್‌ನಲ್ಲಿ ಕಡ್ಡಾಯವಾಗಿ ಇಂಗ್ಲಿಷಿನಲ್ಲೇ ಬರೆಯಬೇಕಾದ ಮೀಸಲು ಪದಗಳು ಸುಮಾರು 35. ಇವುಗಳನ್ನು ಕಲಿಯಲು ಒಂದು ವಾರ ಸಾಕು.

ಹಾಗೆಂದು ಇಂಗ್ಲಿಷ್ ಬೇಡವೇ ಬೇಡ ಎಂದರೆ ಅದೂ ತಪ್ಪು ಮಾಹಿತಿಯಾಗುತ್ತದೆ. ಕೈಪಿಡಿಗಳು, ದೋಷದ ಸಂದೇಶಗಳು, ಕಚೇರಿಯ ಮಾತುಕತೆ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಕೆಲಸ ಹಿಡಿಯುವ ಹೊತ್ತಿಗೆ ಅದು ಬೇಕು. ಆದರೆ ಅದು ದಾರಿಯಲ್ಲಿ ಕಲಿಯುವ ವಿಷಯ, ಬಾಗಿಲಲ್ಲೇ ತಡೆಯುವ ಗೇಟ್ ಅಲ್ಲ. ಒಂದು ಸಮಸ್ಯೆಯನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವುದೇ ಪ್ರೋಗ್ರಾಮಿಂಗ್‌ನ ಜೀವಾಳ. ಅದನ್ನು ಮಗು ತಾನು ಯೋಚಿಸುವ ಭಾಷೆಯಲ್ಲೇ ಚೆನ್ನಾಗಿ ಕಲಿಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ, ಒಂದೇ ನೋಟದಲ್ಲಿ

✔ ಪತಂಗದ ಫೋಟೋ ನಿಜ, 1947ರದು.
✘ ಅದನ್ನು ಹಿಡಿದದ್ದು ಹಾಪರ್ ಅಲ್ಲ, ಬಗ್ ಪದವೂ ಅಂದು ಹುಟ್ಟಿದ್ದಲ್ಲ.
✘ ಕೊಬಾಲ್ ಅವರೊಬ್ಬರ ಸೃಷ್ಟಿಯಲ್ಲ.
✔ ಅದರ ತಳಪಾಯ ಅವರ ಫ್ಲೋ-ಮ್ಯಾಟಿಕ್.
✘ ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಅರ್ಥವಾಗುತ್ತದೆ ಎಂಬುದು ಸುಳ್ಳು. ಅದಕ್ಕೆ ಯಾವ ಭಾಷೆಯೂ ಗೊತ್ತಿಲ್ಲ, ಅನುವಾದ ಮಾಡುವ ಸಾಧನ ಇದ್ದರೆ ಯಾವ ಭಾಷೆಯಾದರೂ ಸರಿ.

ಪತಂಗದ ಫೋಟೋ ಮತ್ತೆ ಬಂದರೆ ಅಳಿಸಬೇಡಿ. ಅದರ ಕೆಳಗೆ ಈ ಫ್ರೆಂಚ್-ಜರ್ಮನ್ ಕಥೆ ಸೇರಿಸಿ, ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಕನ್ನಡ ಮಾಧ್ಯಮದ ಮಗುವಿರುವ ಮನೆಗೆ ಕಳಿಸಿ.